ಬಯ್ಯದೆ ಬಂದ ದಿನ

ಕೊಳ್ಳೇಗಾಲದ ಒಂದು ಚಾಕಿ ಕೇಂದ್ರದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಮರಿ ರೇಷ್ಮೆಹುಳುಗಳನ್ನು ಒಂದು ಹಂತದವರೆಗೆ ಸಾಕಿ ರೈತರಿಗೆ ಕೊಡುವುದು ಕೇಂದ್ರದ ಕೆಲಸ. ಆಮೇಲೆ ಅವರ ಹುಳುಮನೆಗೆ ಬೈಕಿನಲ್ಲಿ ಹೋಗಿ, ನೋಡಿ, ಬಯ್ಯುವುದು ನನ್ನ ಕೆಲಸ. ಕೈ ತೊಳೆಯದವರಿಗೆ, ಚಪ್ಪಲಿ ಬಿಡದವರಿಗೆ, ಒದ್ದೆ ಸೊಪ್ಪು ಹಾಕುವವರಿಗೆ ಮುಖ ಮೂತಿ ನೋಡದೆ ಬಯ್ಯುತ್ತಿದ್ದೆ. "ಆವಯ್ಯ ಬಾಯ್ಮುಚ್ಕಂಡು ವೋದ್ರೆ ಬೆಳೆ ಬಂದಂಗೇ ಕಣ್ಲಾ" ಎಂದು ಹನೂರಿನಿಂದ ಯಳಂದೂರಿನವರೆಗೂ ಮಾತಿತ್ತು. ನನಗೂ ಅದರ ಜಂಬವಿತ್ತು, ಸುಳ್ಳೇಕೆ.

ಸ್ವಂತ ಕೇಂದ್ರ ತೆರೆಯಲು ಹೊರಟಾಗ, ಮೊದಲು ನಿಮ್ಮ ಪಾಲಿನ ಬಂಡವಾಳ ತೋರಿಸಿ ಎಂದರು ಬ್ಯಾಂಕಿನವರು. ರೈತರಿಂದಲೇ ಎತ್ತೋಣ ಎಂದುಕೊಂಡೆ. ಈಗ ದುಡ್ಡು ಕೊಟ್ಟವರಿಗೆ ಮುಂದಿನ ಬೆಳೆಗಳಿಗೆ ಹುಳು. ಮೊದಲು ಹೋದದ್ದು ಮಧುವನಹಳ್ಳಿಯ ಒಬ್ಬ ರೈತ ಹೆಂಗಸಿನ ಮನೆಗೆ. ಆಕೆ ಕೊಟ್ಟರೆ ಊರೇ ಕೊಡುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಬೆಳಗಿನಿಂದ ಜಿಟಿಜಿಟಿ ಮಳೆ. ಹುಳುಮನೆಯ ಮೂಲೆಯಲ್ಲಿ ನೆಂದ ಹಿಪ್ಪುನೇರಳೆ ಸೊಪ್ಪಿನ ರಾಶಿ, ಕೈಯಿಟ್ಟರೆ ಬಿಸಿ. ಆಕೆ ಅದನ್ನೇ ಹುಳುಗಳಿಗೆ ಹಾಕುತ್ತಿದ್ದರು. ಬೇರೆ ದಿನವಾಗಿದ್ದರೆ ಆ ರಾಶಿಯನ್ನು ನಾನೇ ಬಾಚಿ ಬೀದಿಗೆ ಎಸೆಯುತ್ತಿದ್ದೆ. ಅವತ್ತು ದುಡ್ಡು ಕೇಳಲು ಬಂದವನು, ನಾಲಿಗೆ ಏಳಲಿಲ್ಲ. ಆಕೆ ಒಂದೆರಡು ಸಲ ನನ್ನ ಮುಖ ನೋಡಿದರು. ನಾನು ಹಲ್ಲುಬಿಟ್ಟೆ. ಕಾಫಿ ಕುಡಿದು, ಮಕ್ಕಳ ಕ್ಷೇಮ ವಿಚಾರಿಸಿ, ವಿಷಯ ತೆಗೆದೆ. ಆಕೆ ಮರುಮಾತಾಡದೆ ಹಿಂದಿನ ಬೆಳೆಯ ಗೂಡು ಮಾರಿದ ದುಡ್ಡು ತಂದುಕೊಟ್ಟರು. ಸುದ್ದಿ ಕೇಳಿ ಅಕ್ಕಪಕ್ಕದವರೂ ಕೊಟ್ಟರು.

ವಾರ ಕಳೆಯುವುದರೊಳಗೆ ಆಕೆಯ ಫೋನು ಬಂತು. ಹುಳು ಸೊಪ್ಪು ಮುಟ್ಟುತ್ತಿಲ್ಲ ಎಂದರು. ಅವರು ಕೊಟ್ಟ ದುಡ್ಡನ್ನು ಜೇಬಿಗೆ ಹಾಕಿಕೊಂಡೇ ಹೋದೆ. ಸಪ್ಪೆ ರೋಗ. ಹುಳುಗಳೆಲ್ಲ ಮೆತ್ತಗಾಗಿ ಸತ್ತು, ಮನೆ ತುಂಬ ನಾತ. ಒದ್ದೆ ಸೊಪ್ಪು ಯಾಕೆ ಹಾಕಿದಿರಿ ಎಂದು ಕೇಳುವ ಮುಖ ನನಗಿರಲಿಲ್ಲ. ಆಕೆಯೇ ಹೇಳಿದರು:

"ಸೊಪ್ಪು ನೆಂದದಲ್ಲ ಅಂತ ನಂಗೂ ಅನ್ನುಸ್ತು ಸಾ. ನೀವು ನೋಡ್ಕಂಡೂ ಬಯ್ನಿಲ್ಲ. ಅಂಗಾರೆ ಪರವಾಗಿಲ್ಲ ಅಂತ ಅದನ್ನೇ ಆಕ್ದಿ."

ಜೇಬಿನಿಂದ ದುಡ್ಡು ತೆಗೆದು ಚಾಚಿದೆ. ಆಕೆ ಮುಟ್ಟಲಿಲ್ಲ.

"ಮಡೀಕಳಿ ಸಾ. ನಾಳಿಕ್ಕೆ ನಿಮ್ ಸೆಂಟ್ರು ಸುರುವಾದ್ರೆ, ತೆಪ್ಪು ಮಾಡ್ದಾಗ ಮೊಕದ್ ಮ್ಯಾಲೇ ಬಯ್ಯೋರು ನಮ್ಗೆ ಒಬ್ರಾದ್ರೂ ಇರ್ತಾರೆ."

ಕುಹಕವಲ್ಲ, ಮನಸಾರೆ ಹೇಳಿದ ಮಾತು. ಆಗಲಾದರೂ ನಾನು ನಿಜ ಹೇಳಬೇಕಿತ್ತು. ದುಡ್ಡನ್ನು ಮತ್ತೆ ಜೇಬಿಗಿಟ್ಟುಕೊಂಡೆ.