ಗಾಜಿನ ಮೇಲೆ ಎರಡು ಚುಕ್ಕೆ

ಉಮಾಬಾಯಿಯ ಕೆಲಸವೇನೆಂದು ಕೇಳಿದರೆ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಚುಕ್ಕಿ ಎಣಸ್ತಾಳ್ರಿ. ಅದಕ್ಕೂ ಸರಕಾರ ಪಗಾರ ಕೊಡತೈತಿ!"

ನಗುವವರು ನಗಲಿ, ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಯಾಗಿ ಕಲಬುರ್ಗಿಯಿಂದ ಹೈದರಾಬಾದಿಗೆ ಬಂದ ಮೇಲೆ ಆಕೆ ವಿಶ್ವವಿದ್ಯಾಲಯದ ಖಗೋಳ ವಿಭಾಗದಲ್ಲಿ ಮಾಡಿದ್ದು ಅದೊಂದೇ ಕೆಲಸ. ದೂರದರ್ಶಕದಿಂದ ಗಾಜಿನ ಪ್ಲೇಟಿನ ಮೇಲೆ ಆಕಾಶದ ಫೋಟೋ ಹಿಡಿದು ತರುತ್ತಿದ್ದರು. ಉಮಾಬಾಯಿ ಹಗಲು ಹೊತ್ತು ಅದನ್ನು ದೀಪದ ಮೇಜಿನ ಮೇಲಿಟ್ಟು, ಭೂತಗನ್ನಡಿಗೆ ಬಲಗಣ್ಣು ಹಚ್ಚಿ, ಹಳೆಯ ಪ್ಲೇಟಿನಲ್ಲಿ ಇಲ್ಲದ ಚುಕ್ಕೆ ಹೊಸದರಲ್ಲಿ ಬಂದಿದೆಯೇ ಎಂದು ಹುಡುಕುತ್ತಿದ್ದಳು. ಆ ಗಾಜಿನ ಮೇಲೆ ಎಲ್ಲ ತಿರುಗುಮುರುಗು. ಆಕಾಶ ಬಿಳಿ, ನಕ್ಷತ್ರ ಕಪ್ಪು. ಅಕ್ಕಿಯಲ್ಲಿ ಹರಳು ಆರಿಸಿದವಳಿಗೆ ಇದೇನು ಮಹಾ ಎಂದು ಆಕೆಯೇ ಹೇಳುತ್ತಿದ್ದಳು.

ಎಂಬತ್ತೊಂದರ ಚಳಿಗಾಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಜೋಳದ ಹಿಟ್ಟಿನ ಮೇಲೆ ನೊಣ ಕೂತಂತಾಯಿತು. ಕೈಯಿಂದ ಹೊಡೆದಳು. ಹೋಗಲಿಲ್ಲ. ಮತ್ತೆ ಹೊಡೆದಳು.

ಡ್ಯೂಟಿಗೆ ಹೊರಟಿದ್ದ ಗಂಡ ಕಲ್ಯಾಣಪ್ಪ, ಗೂಡ್ಸ್ ಗಾಡಿಯ ಗಾರ್ಡು, ನಗಲು ಶುರು ಮಾಡಿದ. "ಎಲ್ಲೈತಿ ನೊಣ? ಸುಮ್ಮನ ರೊಟ್ಟಿಗೆ ಯಾಕ ಹೊಡೀತಿ?"

"ಇತ್ತು, ಹಾರಿಹೋತು," ಎಂದಳು. ನೊಣ ಹಾರಿಹೋಗಿರಲಿಲ್ಲ. ಆಕೆ ಗೋಡೆ ನೋಡಿದರೆ ಗೋಡೆಯ ಮೇಲಿತ್ತು, ಗಂಡನ ಬಿಳಿ ಅಂಗಿ ನೋಡಿದರೆ ಅಂಗಿಯ ಮೇಲಿತ್ತು.

ಆಕೆಯ ಅವ್ವ ಸಾವಿತ್ರಿಬಾಯಿಗೂ ಶುರುವಾದದ್ದು ನೊಣದಿಂದಲೇ. ಅವ್ವ ಯಾರಿಗೂ ಹೇಳಲಿಲ್ಲ. ಅನ್ನವನ್ನು ತಾಟಿನ ಬದಲು ನೆಲಕ್ಕೆ ಬಡಿಸಿದ ದಿನ ಮನೆಯವರಿಗೆ ಗೊತ್ತಾಯಿತು. ಕಣ್ಣಿನೊಳಗಿನ ಪರದೆ ಹರಿದಿದೆ, ನೊಣ ಕಂಡಾಗಲೇ ಕರೆತರಬಾರದಿತ್ತೇ ಎಂದರು ಡಾಕ್ಟರು. ಅವ್ವ ಉಳಿದ ಆಯುಷ್ಯವನ್ನೆಲ್ಲ ಗೋಡೆ ತಡವುತ್ತ ಕಳೆದಳು. ಇಷ್ಟು ಗೊತ್ತಿದ್ದೂ ಉಮಾಬಾಯಿ ಬಾಯಿ ಬಿಡಲಿಲ್ಲ. ಹೆದರಿಕೆಗೆ ಬುದ್ಧಿ ಎಲ್ಲಿಂದ ಬರಬೇಕು? ಹೇಳಿದರೆ ನಿಜವಾಗುತ್ತದೆ, ಹೇಳದಿದ್ದರೆ ಅದು ಬರೀ ನೊಣ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಕಣ್ಣು ಹೋದರೆ ಕೆಲಸವೂ ಹೋಯಿತು, ಆ ಮಾತು ಬೇರೆ.

ಅದೇ ವಾರ ವಿಭಾಗದ ಬಸವಲಿಂಗಪ್ಪ ಸರ್ ಓಡೋಡಿ ಬಂದು ಆಕೆಯ ಮುಂದೆ ಹೊಸ ಪ್ಲೇಟು ಇಟ್ಟರು. ಬೀದರಿನವರು, ಸಂತೋಷವಾದರೆ ಕುರ್ಚಿಯ ಮೇಲೆ ಕೂರಲಾರದ ಮನುಷ್ಯ.

"ಬಲೂನಿಗೆ ಕಟ್ಟಿ ಹಾರಿಸಿದ ಯಂತ್ರಕ್ಕ ಆಕಾಶದಾಗ ಹೊಸಾ ಎಕ್ಸ್-ರೇ ಕಂಡೈತ್ರಿ. ಏನೋ ಭಾಳ ಜೋರಾಗಿ ಉರಿಯಾಕತ್ತೈತಿ. ಆದ್ರ ಆ ಯಂತ್ರ ಓಣಿ ಹೇಳತೈತಿ, ಮನಿ ಹೇಳಂಗಿಲ್ಲ. ಈ ಚೌಕದಾಗ ಎಲ್ಲೋ ಐತಿ. ಮನಿ ನೀವು ಹುಡುಕಬೇಕು."

ಮನೆ ಸಿಕ್ಕರೆ ದೊಡ್ಡ ದೂರದರ್ಶಕದವರಿಗೂ ಆಕಾಶದ ರೇಡಿಯೋ ಅಲೆ ಹಿಡಿಯುವವರಿಗೂ ತಂತಿ ಕೊಡಬೇಕು. ಒಬ್ಬೊಬ್ಬರು ಒಂದೊಂದು ಬೆಳಕಿನಲ್ಲಿ ನೋಡಿದರೆ, ಅಲ್ಲಿರುವುದು ಪಕ್ಕದ ನಕ್ಷತ್ರವನ್ನು ನುಂಗುತ್ತಿರುವ ಕಪ್ಪು ಕುಳಿಯೋ ಮತ್ತೇನೋ ತಿಳಿದೀತು. ಆದರೆ ಆ ಬೆಳಕು ದಿನದಿನಕ್ಕೆ ಇಳಿಯುತ್ತಿತ್ತು. ಸಿಕ್ಕ ಪ್ಲೇಟೂ ಒಂದೇ. ಅದನ್ನು ಹಿಡಿದ ಮೇಲೆ ಮೋಡ ಕವಿದಿತ್ತು.

ಪೆನ್ಸಿಲಿನ ಚೌಕದೊಳಗೆ ಸಾವಿರಾರು ಚುಕ್ಕೆಗಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಉಮಾಬಾಯಿ ಒಂದು ಮೂಲೆಗೆ ಬಂದು ನಿಂತಳು. ಹಳೆಯ ಪ್ಲೇಟಿನಲ್ಲಿ ಖಾಲಿಯಿದ್ದ ಜಾಗದಲ್ಲಿ ಎರಡು ಕಪ್ಪು ಚುಕ್ಕೆಗಳಿದ್ದವು. ಧೂಳಿರಬೇಕೆಂದು ಮೆತ್ತನೆಯ ಕುಂಚದಿಂದ ಸವರಿದಳು. ಎರಡೂ ಹೋಗಲಿಲ್ಲ. ಒಂದು ಕೊಂಚ ಜಾರಿದಂತೆ ಕಂಡಿತು. ಭೂತಗನ್ನಡಿ ಅಲುಗಿರಬೇಕು ಎಂದುಕೊಂಡಳು. ಕುಂಚ ಕೆಳಗಿಟ್ಟಳು.

ಪರೀಕ್ಷೆ ಸುಲಭವಿತ್ತು. ಎಡಗಣ್ಣು ಹಚ್ಚಿ ನೋಡಿದರಾಯಿತು. ಗಾಜಿನ ಮೇಲಿದ್ದದ್ದು ಎಡಗಣ್ಣಿಗೂ ಕಾಣುತ್ತದೆ. ಕಾಣದಿದ್ದದ್ದು ಬಲಗಣ್ಣಿನೊಳಗಿದೆ. ಅದಕ್ಕೇ ಆಕೆ ಹಚ್ಚಲಿಲ್ಲ. ಸರ್‌ಗೆ ತೋರಿಸೋಣವೆಂದರೆ ಅದೂ ಅಷ್ಟೇ. ಒಂದೇ ಐತಲ್ಲ ಎಂದು ಅವರು ಅಂದುಬಿಟ್ಟರೆ?

"ಏನಾರ ಸಿಕ್ತೇನ್ರಿ?" ಸಂಜೆ ಸರ್ ಬಾಗಿಲಲ್ಲಿ ಇಣುಕಿದರು.

"ಎರಡು ಇದ್ದಂಗ ಕಾಣತೈತ್ರಿ... ಇನ್ನೂ ನೋಡಾಕತ್ತೀನ್ರಿ ಸರ್." ಹಾವೂ ಸಾಯದ, ಕೋಲೂ ಮುರಿಯದ ಮಾತು.

ಅಂದು ಮನೆಯಲ್ಲಿ ದೀಪ ಆರಿಸಿ ಮಲಗಿದಳು. ಕಣ್ಣು ಮುಚ್ಚಿದರೆ ಮೂಲೆಯಲ್ಲಿ ಏನೋ ಛಕ್ಕನೆ ಮಿಂಚುತ್ತಿತ್ತು. ಎಂಥ ಹೆದರಿಕೆಯದು! ದೆವ್ವಕ್ಕೆ ಹೆದರಿದವರು ಬಾಗಿಲು ಹಾಕಿಕೊಳ್ಳಬಹುದು. ಇದು ರೆಪ್ಪೆಯೊಳಗೇ ಕೂತಿತ್ತು.

ಮರುದಿನ ಆಕೆ ಮೇಜಿನ ದೀಪ ಹಚ್ಚುವ ಮೊದಲೇ ಬಸವಲಿಂಗಪ್ಪ ಬಂದರು. ಮುಖ ಬಾಡಿತ್ತು. "ಅದು ಅರ್ಧಕ್ಕರ್ಧ ಇಳದಿರಬೇಕ್ರಿ ಇಷ್ಟೊತ್ತಿಗೆ. ನಾಳಿ ಹೇಳಿದ್ರ ಯಾರಿಗೂ ಉಪಯೋಗಿಲ್ಲ. ಅವಸರ ಮಾಡಂಗಿಲ್ಲ, ಆದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಉಮಾಬಾಯಿಗೆ ಅವ್ವನ ಕೈ ನೆನಪಾಯಿತು, ತಾಟು ಹುಡುಕುತ್ತ ನೆಲದ ಮೇಲೆ ಆಡುತ್ತಿದ್ದ ಆ ಕೈ. ಕುರ್ಚಿ ಎಳೆದುಕೊಂಡು ಕೂತಳು. ಬಲಗಣ್ಣು ಮುಚ್ಚಿ, ಭೂತಗನ್ನಡಿಗೆ ಎಡಗಣ್ಣು ಹಚ್ಚಿದಳು.

ಒಂದೇ ಚುಕ್ಕೆಯಿತ್ತು.

ಗಾಜನ್ನು ಮೆಲ್ಲಗೆ ತಿರುಗಿಸಿದಳು. ಚುಕ್ಕೆ ತನ್ನ ಅಕ್ಕಪಕ್ಕದವುಗಳ ಜೊತೆಗೇ ಸರಿಯಾಗಿ ತಿರುಗಿತು. ಮತ್ತೆ ಬಲಗಣ್ಣು ಹಚ್ಚಿ ತಿರುಗಿಸಿದಳು. ಒಂದು ತಿರುಗಿತು. ಇನ್ನೊಂದು ಗಾಜಿನ ಗೊಡವೆಯೇ ತನಗಿಲ್ಲವೆಂಬಂತೆ ತೇಲುತ್ತಿತ್ತು.

"ಸಿಕ್ತ್ರಿ ಸರ್," ಎಂದು ಪೆನ್ಸಿಲಿನಿಂದ ತೋರಿಸಿದಳು. "ಇದ ನೋಡ್ರಿ ಆ ಮನಿ."

ಸರ್ ಬಗ್ಗಿ ನೋಡಿದರು. ಹಳೆಯ ಪ್ಲೇಟು ನೋಡಿ, ಮತ್ತೆ ಹೊಸದನ್ನು ನೋಡಿ, ಹುಡುಗನಂತೆ ಚಪ್ಪಾಳೆ ತಟ್ಟಿದರು. "ಹೌದ್ರಿ, ಐತಿ! ಆದ್ರ ನಿನ್ನೆ ಎರಡು ಅಂದಿದ್ರಲ್ಲ?"

"ಒಂದು ಆಕಾಶದ್ದು ಐತ್ರಿ," ಎಂದಳು ಉಮಾಬಾಯಿ. "ಇನ್ನೊಂದು ನಂದು. ನಮ್ಮವ್ವಗೂ ಹಿಂಗ ಶುರುವಾಗಿತ್ರಿ. ಆಕಿ ಹೇಳಲಿಲ್ಲ."

ಸರ್ ಚಪ್ಪಾಳೆ ತಟ್ಟಿದ ಕೈ ಹಾಗೇ ನಿಂತಿತು. "ಅಯ್ಯ, ಮೊದಲ ಯಾಕ ಹೇಳಲಿಲ್ರಿ! ಏಳ್ರಿ, ಏಳ್ರಿ. ಕಣ್ಣಿನ ದವಾಖಾನಿಗೆ ಹೋಗೋಣ. ತಂತಿ ಹಾಳಾಗ್ಲಿ, ನಾಳಿ ನೋಡೋಣ."

"ಬ್ಯಾಡ್ರಿ ಸರ್. ದಾರ್‍ಯಾಗ ಅಬಿಡ್ಸಿನ ಪೋಸ್ಟಾಫೀಸ್ ಐತಿ. ತಂತಿ ಕೊಟ್ಟ ಹೋಗೋಣ. ಅದರದೂ ಬೆಳಕು ಹೋಗಾಕತ್ತೈತಿ."

ಅಬಿಡ್ಸಿನ ದೊಡ್ಡ ಅಂಚೆ ಕಚೇರಿಯ ಮುಂದೆ ಆಟೋ ನಿಂತಿತು. ಸರ್ ಇಳಿದು ಮೆಟ್ಟಿಲು ಹತ್ತಿದರು. ಆಟೋದವನು "ಜಲ್ದಿ ಆನಾ ಸಾಬ್" ಎಂದು ಬೇಗ ಬರಲು ಕೂಗಿ ಬೀಡಿ ಹಚ್ಚಿದ. ಉಮಾಬಾಯಿ ಒಬ್ಬಳೇ ಕೂತಿದ್ದಳು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಸರ್ ಹೋದ ಬಾಗಿಲನ್ನೇ ನೋಡಿದಳು. ಜನರ ಬಿಳಿ ಅಂಗಿಗಳ ಮೇಲೆ ಆ ಕಪ್ಪು ಚುಕ್ಕೆ ಓಡಾಡುತ್ತಿತ್ತು. ಈ ಸಲ ಆಕೆ ಅದನ್ನು ನೊಣ ಎನ್ನಲಿಲ್ಲ.