ಬಾಗಿಲಾಚೆಗೂ ಚಾಚಿದ ಹಾಸು

ಮೊನ್ನೆಯ ಮಳೆಯಲ್ಲಿ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಕಿಟಕಿ ತೆರೆದೇ ಇತ್ತು. ಮಂಚದ ಮೇಲಿನ ಕರಿಕಂಬಳಿ ನೆನೆದು ತೊಪ್ಪೆಯಾಯಿತು. ನೆನೆದ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ನೀವು ನಮ್ಮವರೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊದಲು ಕುರಿಯದು, ಅದರ ಬೆನ್ನಿಗೇ ಹುಣಸೆಬೀಜದ ಗಂಜಿಯದು. ಹೆಂಡತಿ ಮೂಗು ಮುಚ್ಚಿಕೊಂಡು ಅದನ್ನು ಹೊರಗೆ ಹಾಕಲು ಹೇಳಿದಳು. ನಾನು ಮಾತ್ರ ಅದರಲ್ಲಿ ಮೂಗು ತೂರಿಸಿ ನಿಂತೆ.

ಆ ಗಂಜಿಯ ವಾಸನೆ ನನ್ನನ್ನು ಸೀದಾ ಕೂಡ್ಲಿಗಿ ಕಡೆಯ ನಮ್ಮೂರಿನ ಓಣಿಗೆ ಒಯ್ಯುತ್ತದೆ. ಕಂಬಳಿ ನೇಯುವ ಮೊದಲು ಉದ್ದುದ್ದ ಎಳೆಗಳನ್ನು ಓಣಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ ಒಣಗಿಸಬೇಕು. ಅದಕ್ಕೆ ಹಾಸು ಎನ್ನುತ್ತಾರೆ. ದೊಡ್ಡವ್ವ ನೂಲುವವಳು, ಗಂಜಿ ಕಾಸುವವಳು. ದೊಡ್ಡಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವನು. ನನಗೂ ಲಾಳಿ ಎಸೆಯಲು ಕಲಿಸಿದರು. ನಾನು ಎಸೆದ ಲಾಳಿ ದೊಡ್ಡಪ್ಪನ ಹಣೆಗೆ ಬಡಿಯಿತು. ಅಂದಿನಿಂದ ನನ್ನನ್ನು ಶಾಲೆಗೆ ತಪ್ಪದೆ ಕಳಿಸತೊಡಗಿದರು. ನಾನು ಮಾಸ್ತರನಾದದ್ದು ಹೀಗೆ.

ಹಾಸು ಕಟ್ಟಿದ ದಿನ ಅದನ್ನು ಯಾರೂ ದಾಟುವಂತಿರಲಿಲ್ಲ. ಕೊಡ ಹೊತ್ತವರು, ಎತ್ತಿನ ಬಂಡಿ, ಮದುವೆಯ ದಿಬ್ಬಣ, ಎಲ್ಲವೂ ಹಿಂದಿನ ಓಣಿ ಹಿಡಿಯಬೇಕು. ಯಾರು ಮಾಡಿದ ಕಾನೂನೋ, ಯಾರೂ ಕೇಳಿದವರಿಲ್ಲ. ಒಮ್ಮೆ ಸರ್ಕಾರಿ ಜೀಪೊಂದು ಬಂದು ಹಾರನ್ ಹೊಡೆಯಿತು. ದೊಡ್ಡವ್ವ ಗಂಜಿಗೈಯಲ್ಲೇ ಎದುರಿಗೆ ಹೋಗಿ ನಿಂತಳು.

"ಹಾಸು ಐತ್ರಿ, ಸುತ್ತಿ ಬರ್ರಿ."

ದನಿ ಏರಿಸಲಿಲ್ಲ. ಜೀಪು ಹಿಂದಕ್ಕೆ ಸರಿಯಿತು. ಆ ದಿನ ಗೆಳೆಯರ ಮುಂದೆ ನನ್ನ ಠೀವಿ ನೀವು ನೋಡಬೇಕಿತ್ತು, ಜೀಪನ್ನು ನಾನೇ ತಳ್ಳಿ ಕಳಿಸಿದ್ದೇನೆ ಎಂಬ ಹಾಗೆ.

ದೊಡ್ಡಪ್ಪ ತೀರಿಕೊಂಡಾಗ ಮಗ್ಗದಲ್ಲಿ ಕಂಬಳಿ ಅರ್ಧಕ್ಕೆ ನಿಂತಿತ್ತು. ದೊಡ್ಡವ್ವ ಅದನ್ನು ಕತ್ತರಿಸಿ ನನಗೆ ಕೊಟ್ಟಳು. ಮುಂದಿನ ಕಂಬಳಿಗೆಂದು ಅವಳು ಅಣಿಮಾಡಿದ್ದ ಹಾಸು ಹಾಗೇ ಉಳಿಯಿತು, ನೇಯುವವರಿರಲಿಲ್ಲ. ಕೊಟ್ಟೂರಿನ ಹಳೆಯ ಹತ್ತಿ ಗಿರಣಿಯ ಗೋದಾಮಿನಲ್ಲಿ ಈ ಸೀಮೆಯ ಕಸುಬುಗಳ ಪುಟ್ಟ ಸಂಗ್ರಹಾಲಯ ಮಾಡುತ್ತಾರೆಂದು ಕೇಳಿ, ಅವಳನ್ನು ಒಪ್ಪಿಸಿ ಮಗ್ಗವನ್ನೂ ಆ ಕೊನೆಯ ಹಾಸನ್ನೂ ಕಳಿಸಿಕೊಟ್ಟೆ. ಅಲ್ಲಿಗೆ ಅವಳ ನೆಮ್ಮದಿ ಹೋಯಿತು. ಮೂಲೆಗೆ ಒಗೆದಿರುತ್ತಾರೆ, ಹುಳ ಹಿಡಿದಿರುತ್ತದೆ, ಹಾಸನ್ನು ತುಂಡು ಮಾಡಿರುತ್ತಾರೆ ಎಂದು ದಿನವೂ ಒಂದೇ ಗೋಳು. ಹೋದ ವರ್ಷ ನೋಡಿಯೇ ಬಿಡೋಣವೆಂದು ಹೊರಟೆವು. ಅವಳದೊಂದು ಷರತ್ತು ಇತ್ತು. ಟೆಂಪೊದಲ್ಲೇ ಹೋಗಬೇಕು, ಮನಸ್ಸಿಗೆ ಬಾರದಿದ್ದರೆ ಎಲ್ಲವನ್ನೂ ಹೇರಿಕೊಂಡು ವಾಪಸ್ ಬರಬೇಕು. ಸಂಗ್ರಹಾಲಯ ನೋಡಲು ಖಾಲಿ ಟೆಂಪೊ ತೆಗೆದುಕೊಂಡು ಹೋದವರು ಜಗತ್ತಿನಲ್ಲಿ ನಾವೇ ಮೊದಲಿಗರಿರಬೇಕು.

ಹೋಗಿ ನೋಡಿದರೆ ಮುಂಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಒಳಗಿನ ಮಗ್ಗದಿಂದ ಹೊರಟ ಹಾಸು ಬಾಗಿಲು ದಾಟಿ, ಕಟ್ಟೆ ದಾಟಿ, ಅಂಗಳದ ಬೇವಿನ ಮರದವರೆಗೂ ಬಿಗಿಯಾಗಿ ಚಾಚಿತ್ತು. ಅಲ್ಲಿ ನೋಡಿಕೊಳ್ಳುವ ಹುಡುಗಿ ಹರಪನಹಳ್ಳಿಯವಳು. ಬೆಳಿಗ್ಗೆ ಅದನ್ನು ಕಟ್ಟಿ ಸಂಜೆ ಸುತ್ತಿ ಒಳಗಿಡುವುದೂ ಅವಳ ಕೆಲಸವಂತೆ.

"ಒಳಗ ಹಿಡೀಲಿಲ್ಲ ಅಜ್ಜಿ. ಮಡಚಿಟ್ರ ಇದು ಏನಂತ ಯಾರಿಗೂ ತಿಳಿಯಂಗಿಲ್ಲ. ಅದಕ್ಕ ಮುಂದಿನ ಬಾಗ್ಲ ಇದಕ್ಕ ಬಿಟ್ಟೀವಿ" ಎಂದಳು. ಮಂದಿಗೆ ಪಕ್ಕದ ಬಾಗಿಲಿತ್ತು.

ದೊಡ್ಡವ್ವ ಬೇವಿನ ಮರದಿಂದ ಶುರುಮಾಡಿ ಎಳೆಗಳ ಮೇಲೆ ಬೆರಳಾಡಿಸುತ್ತ ಬಾಗಿಲಿನತ್ತ ನಡೆದಳು. ನಾನು ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಹತ್ತಿಬೀಜ ಬಿಡಿಸುವ ಯಂತ್ರ, ಶೇಂಗಾ ಸುಲಿಯುವ ಯಂತ್ರಗಳ ಫಲಕ ಓದುವ ನಾಟಕವಾಡಿದೆ. ಕಣ್ಣೆಲ್ಲ ಅವಳ ಮೇಲೆಯೇ. ಟೆಂಪೊದವನು ಇಣುಕಿ, ಹಿಂದಿನ ಹಲಗೆ ಇಳಿಸಲೇ ಎಂದು ಕೈಸನ್ನೆ ಮಾಡಿದ. ತಡಿ ಎಂದು ನಾನೂ ಕೈಸನ್ನೆ ಮಾಡಿದೆ.

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ಬಿಳಿ ಬಟ್ಟೆಯ ಯಜಮಾನರೊಬ್ಬರು ಹಿಂಬಾಲಕರೊಂದಿಗೆ ಇಳಿದು, ಸೀದಾ ಬಂದವರೇ ಹಾಸು ದಾಟಲು ಕಾಲೆತ್ತಿದರು.

"ಹಾಸು ಐತ್ರಿ ಸರ್, ಸುತ್ತಿ ಬರ್ರಿ" ಎಂದಳು ಹುಡುಗಿ.

ಅವಳೂ ದನಿ ಏರಿಸಲಿಲ್ಲ. ನಾವ್ಯಾರೂ ಅವಳಿಗೆ ಆ ಮಾತು ಹೇಳಿಕೊಟ್ಟಿರಲಿಲ್ಲ. ಯಜಮಾನರು ಎತ್ತಿದ ಕಾಲನ್ನು ಕೆಳಗಿಟ್ಟರು. ಎಲ್ಲರೂ ಸಾಲಾಗಿ ಬೇವಿನ ಮರ ಬಳಸಿ ಪಕ್ಕದ ಬಾಗಿಲಿಗೆ ನಡೆದರು. ನನ್ನ ಎದೆ ಉಬ್ಬಿತು, ಕಣ್ಣೂ ತುಂಬಿತು. ದೊಡ್ಡವ್ವ ಹಾಸಿನ ಮೇಲಿನ ಕೈ ತೆಗೆಯದೆ ಆ ಹುಡುಗಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಟೆಂಪೊದವ್ನಿಗೆ ಹೋಗಂತ ಹೇಳು" ಎಂದಳು.

ನಾವು ಬಸ್ಸಿನಲ್ಲಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಪಕ್ಕದ ಸೀಟಿನ ಹೆಂಗಸಿಗೆ ಅವಳು ಹೇಳಿದ್ದು ಒಂದೇ ಮಾತು: ನಮ್ಮ ಹಾಸಿನ ಸಲುವಾಗಿ ಅಲ್ಲಿ ಬಾಗಿಲನ್ನೇ ಬಿಟ್ಟುಕೊಟ್ಟಿದ್ದಾರೆ.

ಮೊನ್ನೆ ನೆನೆದದ್ದು ದೊಡ್ಡಪ್ಪನ ಆ ಅರ್ಧ ಕಂಬಳಿಯೇ. ಹೊದ್ದರೆ ಮೊಣಕಾಲಿನಾಚೆ ಬರುವುದಿಲ್ಲ, ಒಂದು ತುದಿಯಲ್ಲಿ ನೇಯದ ಎಳೆಗಳು ಇನ್ನೂ ಜೋತಾಡುತ್ತವೆ. ಬಿಸಿಲು ಬಿದ್ದೊಡನೆ ಅದನ್ನು ಬಾಗಿಲೆದುರಿನ ಕಟ್ಟೆಯ ಮೇಲೆ ಹರವಿದೆ. ಗ್ಯಾಸಿನವನು ಸಿಲಿಂಡರ್ ಹೊತ್ತು ಬಂದು, ಆ ಎಳೆಗಳನ್ನು ದಾಟಲು ಕಾಲೆತ್ತಿದ.

"ಹಾಸು ಐತಪ್ಪ, ಸುತ್ತಿ ಬಾ" ಎಂದೆ.

ಅವನು ನನ್ನ ಮುಖ ನೋಡಿದ, ಕಂಬಳಿ ನೋಡಿದ, ಮನೆಯನ್ನು ಬಳಸಿ ಹೊರಟ. ಒಳಗಿದ್ದ ಹೆಂಡತಿ ಹೋಗಿ ಹಿತ್ತಿಲ ಬಾಗಿಲು ತೆಗೆದಳು.