ಕೈಗವಸಿನ ಚೆನ್ನಕೇಶವ ಸಾರ್

ಶಿಡ್ಲಘಟ್ಟದ ನಮ್ಮ ರೇಷ್ಮೆ ಕಂಪನಿಯಲ್ಲಿ ಸಾಮಾಜಿಕ ಹೊಣೆಗಾರಿಕೆಯ ವಿಭಾಗವೆಂದರೆ ಚೆನ್ನಕೇಶವ ಸಾರ್ ಒಬ್ಬರೇ. ಬ್ಯಾನರಿನಲ್ಲಿ ಸುಕ್ಕು ಕಂಡರೆ ಅವರ ಹಣೆಯಲ್ಲೂ ಸುಕ್ಕು ಮೂಡುತ್ತದೆ. ಸಸಿ ನೆಡುವಾಗ ಸಸಿಗೂ "ಸ್ವಲ್ಪ ಕ್ಯಾಮೆರಾ ನೋಡಪ್ಪ" ಅನ್ನುತ್ತಾರೆ. ವರ್ಷಕ್ಕೊಮ್ಮೆ, ಸುಡುವ ನೀರಿನಲ್ಲಿ ಬೆರಳಾಡಿಸಿ ರೇಷ್ಮೆಗೂಡಿನ ಎಳೆ ಹುಡುಕುವ ಹೆಂಗಸರಿಗೆ ರಬ್ಬರ್ ಕೈಗವಸು ಹಂಚುತ್ತಾರೆ. "ಇದು ಹಾಕ್ಕೊಂಡ್ರೆ ಎಳೆ ಬೆರಳಿಗೆ ಸಿಗಲ್ಲ ಸಾರ್," ಎಂದು ಅವರಲ್ಲೊಬ್ಬಳಾದ ಮುಸರ್ರತ್ ಪ್ರತಿ ವರ್ಷ ಹೇಳುತ್ತಾಳೆ. "ಫೋಟೋ ಆಗೋ ತನಕ ಇರ್ಲಿ ಕಣಮ್ಮ," ಎಂದು ಇವರೂ ಪ್ರತಿ ವರ್ಷ ಹೇಳುತ್ತಾರೆ. ಆಮೇಲೆ ಕೈಗವಸುಗಳು ಕಿಟಕಿಯ ಸರಳಿಗೆ ಹೋಗುತ್ತವೆ, ಬೆರಳುಗಳು ನೀರಿಗೆ. ವರದಿಯಲ್ಲಿ 'ಪರಿಣಾಮ: ಅತ್ಯುತ್ತಮ' ಎಂದು ಬೀಳುತ್ತದೆ. ಈ ಸಲ ಮುಸರ್ರತ್, "ಹಾಕ್ಕೊಂಡು ನೀವೇ ಒಂದ್ ಎಳೆ ಹಿಡೀರಿ ಸಾರ್, ನೋಡಣ," ಎಂದಳು. ಅವರು ಬಹಳ ಹೊತ್ತು ತಡಕಾಡಿದರು, ಒಂದೂ ಸಿಗಲಿಲ್ಲ. ಕೈಗವಸು ಕಳಚಿ ಬೆರಳದ್ದಿದವರೇ "ಅಯ್ಯಪ್ಪಾ!" ಎಂದು ಕೈ ಹಿಂದೆಗೆದರು. ವರ್ಷಗಟ್ಟಲೆ ಬೆಂದು ಬೆಳ್ಳಗಾದ ತನ್ನ ಬೆರಳುಗಳಲ್ಲಿ ಚೊಂಬು ಹಿಡಿದು ಆಕೆ ಅವರ ಕೈಗೆ ತಣ್ಣೀರು ಹೊಯ್ದಳು. ಈ ವರ್ಷದ ವರದಿಯಲ್ಲಿ ಪರಿಣಾಮದ ಮುಂದೆ 'ಕೈಗವಸು ವ್ಯರ್ಥ, ಕೈ ಸುಡದೆ ಎಳೆ ಹುಡುಕುವ ಯಂತ್ರ ಬೇಕು' ಎಂದಿದೆ. ಜೊತೆಗಿರುವುದು ಒಂದೇ ಫೋಟೋ: ಬೊಬ್ಬೆ ಎದ್ದ ಅವರ ತೋರುಬೆರಳು, ಹಿಂದೆ ಸುಕ್ಕಿಲ್ಲದ ಬ್ಯಾನರ್.